ನೆಲ್ಲಿಕೊಂಬೆಯೂ ಫಯಾಜ್ ಸಾಬ್ರ ಮೀಸೆಯೂ

ಶಾಲೆಯ ಟ್ಯಾಂಕಿನ ನೀರು ಕಪ್ಪಾದದ್ದು ನನ್ನಿಂದ. ಫಯಾಜ್ ಸಾಬ್ರಿಂದ ಅಲ್ಲ, ಬೋರಿನಿಂದ ಅಲ್ಲ, ಮೇಲೆ ಕೊಂಬೆ ಚಾಚಿಕೊಂಡಿದ್ದ ಹುಣಸೆಮರದಿಂದಲೂ ಅಲ್ಲ. ನಾನೇ, ಈ ಗಿರಿಜಮ್ಮನೇ, ಮಟಮಟ ಮಧ್ಯಾಹ್ನ, ನನ್ನ ಸೊಂಟದಲ್ಲಿದ್ದ ಬೀಗದ ಕೈಯಿಂದ ಮುಚ್ಚಳ ತೆಗೆದು, ಬೆಟ್ಟದ ನೆಲ್ಲಿಯ ಕೊಂಬೆಗಳ ಒಂದು ಹೊರೆಯನ್ನು ಅದರೊಳಗೆ ಇಳಿಸಿದೆ. ಆಮೇಲೆ ಇಡೀ ಊರಿನ ಎದುರು ಸುಳ್ಳು ಹೇಳಿದೆ.

ಊರಿನವರೇ, ನಿಮ್ಮಲ್ಲಿ ಕೆಲವರು ಈಗ ಪಕ್ಕದವರ ಮುಖ ನೋಡುತ್ತಿದ್ದೀರಿ ಎಂದು ನನಗೆ ಗೊತ್ತು. ಗಿರಿಜಮ್ಮ ತಪ್ಪು ಒಪ್ಪಿಕೊಳ್ಳುವುದೆಂದರೆ — ಸೂರ್ಯ ಪಡುವಣದಲ್ಲಿ ಹುಟ್ಟಿದನೇ ಎಂದು ಎದ್ದು ನೋಡಬೇಕಾದ ಸಂಗತಿ. ಅದಕ್ಕೇ ಬರೆದು ತಂದಿದ್ದೇನೆ. ಬಾಯಲ್ಲಿ ಹೇಳಲು ಹೊರಟರೆ ನಡುವೆ ಯಾರನ್ನಾದರೂ ಬೈಯಲು ಶುರುಮಾಡುತ್ತೇನೆ, ಮುಗಿಯುವ ಹೊತ್ತಿಗೆ ತಪ್ಪು ಅವರದ್ದೇ ಆಗಿಬಿಟ್ಟಿರುತ್ತದೆ. ನನ್ನ ಬಾಯಿ ನನಗೆ ಗೊತ್ತಿಲ್ಲವೇ. ಆದ್ದರಿಂದ ಇವತ್ತು ಓದುತ್ತೇನೆ, ನೀವು ಕೇಳಿ. ನಡುವೆ ತಡೆಯಬೇಡಿ, ತಡೆದರೆ ಬೈದುಬಿಟ್ಟೇನು.

ಆ ಟ್ಯಾಂಕು ಬರುವ ಮುಂಚೆ ನಮ್ಮ ನೀರು ಹೇಗಿತ್ತು — ಅದನ್ನು ನಿಮಗೆ ಹೇಳಬೇಕಾಗಿಲ್ಲ, ಈಗಲೂ ಹಾಗೇ ಇದೆ. ಆದರೂ ಹೇಳುತ್ತೇನೆ. ಬೋರಿನಿಂದ ಬರುವಾಗ ಒಳ್ಳೆಯ ಮನೆತನದ ನೀರಿನ ಹಾಗೆ ತಿಳಿಯಾಗಿ ಬರುತ್ತದೆ. ಕೊಡ ತುಂಬಿ ಮನೆಗೆ ತಂದಿಟ್ಟು, ಸೆರಗಿನಲ್ಲಿ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಕೆಂಪು. ಬಾಯಿಗಿಟ್ಟರೆ ಹಳೆಯ ಮೊಳೆ ನೆಕ್ಕಿದ ರುಚಿ. ಬಿಳಿ ಪಂಚೆಯನ್ನು ನಾಲ್ಕು ಸಲ ಒಗೆದರೆ ಕಾವಿ. ನಮ್ಮೂರ ಗಂಡಸರೆಲ್ಲ ಸನ್ಯಾಸಿಗಳ ಹಾಗೆ ಕಾಣುತ್ತಿದ್ದರು, ಸಂಸಾರ ಮಾತ್ರ ಯಾರೂ ಬಿಟ್ಟಿರಲಿಲ್ಲ. ಕಡೂರಿನ ಸಂತೆಯಲ್ಲಿ ಅಂಗಿಯ ಕಾಲರ್ ನೋಡಿಯೇ ನಾವು ಯಾವ ಊರಿನವರೆಂದು ಹೇಳಿಬಿಡುತ್ತಿದ್ದರು.

ನಾನು ಶಾಲೆಯ ಬಿಸಿಯೂಟದ ಅಡುಗೆಯವಳು. ಮಕ್ಕಳಿಗೆ ನಾನು ಬೇಯಿಸುವ ಅನ್ನವೂ ಅದೇ ಬಣ್ಣ. ಒಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಪಾತ್ರೆಯೊಳಗೆ ಇಣುಕಿ, "ದಿನಾ ಟೊಮೆಟೊ ಬಾತೇ ಮಾಡ್ತೀರೇನಮ್ಮಾ?" ಎಂದು ಕೇಳಿದರು. "ಇದು ಬರೀ ಅನ್ನ ಸಾರ್, ಬಣ್ಣ ಸರ್ಕಾರದ್ದು" ಅಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಕೈಯಡುಗೆಗೆ ಹೆಸರಿತ್ತು, ಮಕ್ಕಳು ತಟ್ಟೆ ನೋಡಿ ಮುಖ ಕಿವಿಚುವುದನ್ನು ನಾನು ದಿನಾ ನೋಡಬೇಕಾಗಿತ್ತು.

ಆಗ ಬಂದವರು ಫಯಾಜ್ ಸಾಬ್ರು. ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದೆ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವರು. ನಮ್ಮ ಸುತ್ತಲಿನ ಊರುಗಳ ಬೋರು ಕೆಟ್ಟರೆ ಮೊದಲು ಫೋನು ಹೋಗುವುದು ಅವರಿಗೆ. ಅಂತಿಂಥ ಮನುಷ್ಯರಲ್ಲ ಅವರು. ಕಪ್ಪು ಕನ್ನಡಕ ತೆಗೆಯದೆ ಬಾವಿಯೊಳಗೆ ಇಣುಕುತ್ತಾರೆ. ಮಾತಿಗೆ ನಿಂತರೆ ಮೋಟರ್ ತಾನೇ ನಾಚಿಕೊಂಡು ಶುರುವಾಗಬೇಕು, ಅಷ್ಟು ಬಡಾಯಿ. ಇನ್ನು ಆ ಮೀಸೆ — ಎರಡೂ ತುದಿಯಲ್ಲಿ ಒಂದೊಂದು ನಿಂಬೆಹಣ್ಣು ನಿಲ್ಲಿಸಬಹುದು ಅನ್ನುತ್ತಾರಲ್ಲ, ಆ ಜಾತಿಯದು. ಅದನ್ನು ಅವರು ಸಾಕಿದ್ದರು, ಬೇರೆಯವರು ಹೋರಿ ಸಾಕುವ ಹಾಗೆ.

ಶಾಲೆಯ ಕಾಂಪೌಂಡಿನಲ್ಲಿ ಅವರು ಕಟ್ಟಿದ ಫಿಲ್ಟರನ್ನು ನೀವೆಲ್ಲ ನೋಡಿದ್ದೀರಿ. ಮೇಲೆ ತೂತಿನ ತಟ್ಟೆ. ನೀರು ಅದರಿಂದ ಮಳೆಹನಿಯಂತೆ ಉದುರಿ ಟ್ಯಾಂಕಿಗೆ ಬೀಳಬೇಕು. ಬೀಳುವಾಗ ಗಾಳಿ ತಾಗುತ್ತದೆ, ನೀರಿನೊಳಗೆ ಕರಗಿ ಕೂತ ಕಬ್ಬಿಣ ತುಕ್ಕಾಗುತ್ತದೆ, ತುಕ್ಕು ತಳದಲ್ಲಿ ಕೂರುತ್ತದೆ, ಉಳಿದದ್ದನ್ನು ಮರಳು ಹಿಡಿದುಕೊಳ್ಳುತ್ತದೆ. ಇಷ್ಟೇ. "ಕಬ್ಬಿಣ ಒಳಗೇ ಅಡಗಿ ಕೂತೈತೆ ಗಿರಿಜಕ್ಕ, ಗಾಳಿಗೆ ತಂದ್ರೆ ಕಳ್ಳ ಸಿಕ್ಕಾಕ್ಕೊಂಡ" ಎಂದು ಅವರೇ ನನಗೆ ಬಿಡಿಸಿ ಹೇಳಿದ್ದರು.

ಮತ್ತು ಅದು ಕೆಲಸ ಮಾಡಿತು. ಇದನ್ನು ಎಲ್ಲರೂ ಮರೆತಿದ್ದೀರಿ, ಅದಕ್ಕೇ ಒತ್ತಿ ಹೇಳುತ್ತೇನೆ — ಅದು ಕೆಲಸ ಮಾಡಿತು! ಮೊದಲ ದಿನ ನಾನು ಮಾಡಿದ ಅನ್ನ ಮಲ್ಲಿಗೆಯ ಹಾಗೆ ಬಿಳಿಯಾಗಿತ್ತು. ಒಂದನೇ ತರಗತಿಯ ಒಂದು ಕೂಸು ತಟ್ಟೆ ನೋಡಿ, "ಅಜ್ಜೀ, ಅನ್ನಕ್ಕೆ ಏನಾಗೈತೆ?" ಎಂದು ಅಳು ಮೋರೆ ಮಾಡಿತು. ನಾನು ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಹೊಗೆ ಎಂದು ಹೇಳಿದೆ. ನಮ್ಮದು ಗ್ಯಾಸ್ ಒಲೆ.

ಆ ಸಂಜೆಯೇ ಫಯಾಜ್ ಸಾಬ್ರು ಟ್ಯಾಂಕಿನ ಕಟ್ಟೆಯ ಮೇಲೆ ನಿಂತು, ಒಂದು ಲೋಟ ನೀರನ್ನು ಬಿಸಿಲಿಗೆ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಕೂಗಿದರು: "ಬರೋ ಯುಗಾದಿಯೊಳ್ಗೆ ಈ ನೀರು ಬಣ್ಣ ತಿರುಗಿದ್ರೆ, ಈ ಮೀಸೆ ನಿಮ್ಮೂರಿಗೆ!" ಕೇಕೆ, ಚಪ್ಪಾಳೆ. ಕೆಲಸ ಹೇಗಾಗಿದೆ ಎಂದು ನೋಡಲು ಪಂಚನಹಳ್ಳಿ ಕಡೆಯ ಒಂದು ಊರಿನವರೂ ಬಂದಿದ್ದರು. ನಮ್ಮೂರಿಗೂ ಹೀಗೇ ಒಂದು ಕಟ್ಟಿಕೊಡಿ ಎಂದು ಅಲ್ಲೇ ಮಾತಾಡಿಕೊಂಡರು. ಸಾಬ್ರ ಮುಖ ಆವತ್ತು ನೋಡಬೇಕಿತ್ತು.

ಇನ್ನು ನನ್ನ ವಿಷಯಕ್ಕೆ ಬರುತ್ತೇನೆ. ಬರಲೇಬೇಕು.

ನನ್ನ ತವರು ಅಂತರಘಟ್ಟೆ ಹತ್ತಿರ. ನಮ್ಮಪ್ಪ ಬಾವಿ ತೋಡಿಸಿದಾಗ ತಳಕ್ಕೆ ಬೆಟ್ಟದ ನೆಲ್ಲಿಯ ಕೊಂಬೆಗಳನ್ನು ಇಳಿಸಿದ್ದರು. ನಮ್ಮ ಕಡೆ ಅದು ಪದ್ಧತಿ. ನೆಲ್ಲಿ ಬಿದ್ದ ನೀರು ಸಿಹಿಯಾಗುತ್ತದೆ, ಶುದ್ಧವಾಗುತ್ತದೆ. ಆ ನೀರು ಎಳನೀರಿನ ಹಾಗಿತ್ತು. ತವರಿನ ನೀರು ಯಾವ ಹೆಂಗಸಿಗೆ ಸಿಹಿಯಲ್ಲ, ಅದು ಬೇರೆ ಮಾತು. ನಾನು ಅವತ್ತು ಕಟ್ಟೆಯ ಹತ್ತಿರ ಹೋಗಿ, ಒಳ್ಳೆಯ ಮನಸ್ಸಿನಿಂದಲೇ — ಆಗ ಇನ್ನೂ ಒಳ್ಳೆಯ ಮನಸ್ಸೇ ಇತ್ತು — ಕೇಳಿದೆ:

"ಸಾಬ್ರೇ, ಎಲ್ಲಾ ಮಾಡಿದ್ರಿ, ನೆಲ್ಲಿಕೊಂಬೆ ಇಳಿಸಲ್ವಾ?"

"ಗಿರಿಜಕ್ಕಾ, ಇದು ಫಿಲ್ಟ್ರು ಕಣಕ್ಕಾ, ಉಪ್ಪಿನಕಾಯಿ ಭರಣಿ ಅಲ್ಲ!"

ಊರು ನಕ್ಕಿತು. ನಮ್ಮ ಹಿರಿಯರಾದ ತಿಮ್ಮಣ್ಣನವರು ನಕ್ಕು ನಕ್ಕು ಬಾಯಲ್ಲಿದ್ದ ಎಲೆಅಡಿಕೆ ನೆತ್ತಿಗೇರಿ, ಇಬ್ಬರು ಅವರ ಬೆನ್ನು ಗುದ್ದಬೇಕಾಯಿತು. ನಮ್ಮನೆಯವರೂ ನಕ್ಕರು. ಅವರನ್ನು ಮನೆಗೆ ಬಂದ ಮೇಲೆ ವಿಚಾರಿಸಿಕೊಂಡೆ. ಆದರೆ ಸಾಬ್ರನ್ನು ಏನು ಮಾಡುವುದು? ಉಪ್ಪಿನಕಾಯಿ ಭರಣಿಯಂತೆ! ಎಷ್ಟೋ ದಿನ ಸಾರಿಗೆ ಒಗ್ಗರಣೆ ಹಾಕುವಾಗಲೂ ಆ ಮಾತೇ ಚಟಪಟ ಅನ್ನುತ್ತಿತ್ತು.

ಅಷ್ಟರಲ್ಲಿ ತುಳಸಿ ಹಬ್ಬ ಹತ್ತಿರವಾಯಿತು. ತುಳಸಿ ಪಕ್ಕದಲ್ಲಿ ನೆಲ್ಲಿಯ ರೆಂಬೆ ನೆಟ್ಟು ಪೂಜೆ ಮಾಡುತ್ತೇವಲ್ಲ — ನನ್ನ ತಮ್ಮನಿಗೆ ಫೋನು ಮಾಡಿದೆ, ತರೀಕೆರೆಯಾಚೆಯ ಬೆಟ್ಟದಿಂದ ನೆಲ್ಲಿ ತಾ ಎಂದು. ಎಷ್ಟು ಎಂದ. ಒಂದು ಹೊರೆ ಎಂದೆ. ಬೈಕಿನ ಹಿಂದೆ ಕಟ್ಟಿಕೊಂಡು ಬಂದವನು ಏದುಸಿರು ಬಿಡುತ್ತ ಕೇಳಿದ, "ಹಬ್ಬಕ್ಕೆ ಒಂದು ರೆಂಬೆ ಸಾಕಲ್ಲಕ್ಕ?" "ನಮ್ಮ ತುಳಸಿಕಟ್ಟೆ ದೊಡ್ಡದು ಕಣೋ" ಅಂದೆ. ನಮ್ಮ ತುಳಸಿಕಟ್ಟೆ ಎಷ್ಟು ದೊಡ್ಡದೆಂದು ನಿಮಗೆ ಗೊತ್ತಿದೆ, ಎಣ್ಣೆ ಡಬ್ಬದಲ್ಲಿರುವುದು ಅದು.

ಶಾಲೆಗೆ ರಜೆ. ಊರೆಲ್ಲ ಊಟ ಮಾಡಿ ಮಲಗಿದ ಹೊತ್ತು. ಬೀಗದ ಕೈ ಹೇಗೂ ನನ್ನಲ್ಲೇ. ಟ್ಯಾಂಕನ್ನು ನೀವೇ ನನ್ನ ಸುಪರ್ದಿಗೆ ಕೊಟ್ಟಿದ್ದಿರಿ. ಏಣಿ ಹತ್ತಿ, ಎಲೆ ತೊಗಟೆ ಸಮೇತ ಇಡೀ ಹೊರೆಯನ್ನು ತೂತಿನ ತಟ್ಟೆಯ ಕೆಳಗೆ, ಟ್ಯಾಂಕಿನ ನೀರಿನಲ್ಲಿ ಅದುಮಿ ಮುಳುಗಿಸಿ, "ಗಂಗವ್ವಾ, ಇನ್ನು ಸಿಹಿಯಾಗವ್ವ" ಎಂದು ಕೈಮುಗಿದೆ. ಅರ್ಧ ಭಕ್ತಿ, ಅರ್ಧ ಹಟ. ಇಲ್ಲ — ಸುಳ್ಳು ಹೇಳುವುದಿಲ್ಲವೆಂದು ಬಂದು ಮತ್ತೆ ಅದನ್ನೇ ಮಾಡುತ್ತಿದ್ದೇನೆ. ಹಟವೇ ಹೆಚ್ಚು. ನೀರು ಇನ್ನಷ್ಟು ಸಿಹಿಯಾಗಬೇಕು, ಜನ ಹೊಗಳಬೇಕು, ಆಗ ನಾನು ಕಟ್ಟೆ ಹತ್ತಿ, "ಉಪ್ಪಿನಕಾಯಿ ಭರಣಿ ಹೇಗಿದೆ ಸಾಬ್ರೇ?" ಎಂದು ಕೇಳಬೇಕು. ಆ ಒಂದು ಮಾತಿಗಾಗಿ ಅಷ್ಟೆಲ್ಲ ಮಾಡಿದೆ.

ಆಮೇಲೆ ಏನಾಯಿತೆಂದು ನಿಮಗೆ ನೆನಪಿದೆ. ಮೊದಲು ನೀರು ಮಾಸಲಾಯಿತು. ಆಮೇಲೆ ನೇರಳೆ ಬಣ್ಣ. ಒಂದು ಬೆಳಗ್ಗೆ ನಲ್ಲಿ ತಿರುಗಿಸಿದರೆ — ಸ್ಲೇಟು ತೊಳೆದ ನೀರು. ಆ ನೀರಿನಲ್ಲಿ ಚಹಾ ಕಾಸಿ ಹಾಲು ಹಾಕಿದವರ ಲೋಟದಲ್ಲಿ ಬೂದಿ ಕದಡಿದ ಹಾಗಿತ್ತಂತೆ. ನನ್ನ ಅನ್ನ ಬೆಕ್ಕಿನ ಮೈಬಣ್ಣಕ್ಕೆ ತಿರುಗಿತು. ಊರು ಹೋ ಎಂದಿತು. ಸೋಮವಾರ ಸಾಬ್ರು ಬರಲಿ, ಶಾಲೆಯ ಮುಂದೆ ಎಲ್ಲರೂ ಸೇರೋಣ ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ನನಗೆ, ನಿಜವಾಗಿಯೂ, ಏನೂ ಹೊಳೆದಿರಲಿಲ್ಲ. ನೆಲ್ಲಿ ಶುದ್ಧ ಮಾಡುತ್ತದೆ, ಕಪ್ಪು ಮಾಡಿದ್ದು ಸಾಬ್ರ ಮರಳೇ ಇರಬೇಕು ಎಂದು ಒಳಗೊಳಗೇ ಖುಷಿಯೂ ಪಟ್ಟಿದ್ದೆ.

ಭಾನುವಾರ ನನ್ನ ತಲೆಗೆ ಬಣ್ಣ ಹಾಕುವ ದಿನ. ಹೌದು, ನನ್ನ ಕೂದಲಿನ ಕಪ್ಪು ಹುಟ್ಟಿನದಲ್ಲ. ಅದನ್ನೂ ಒಪ್ಪಿಕೊಂಡಾಯಿತು, ಬಿಡಿ. ಒಣಗಿದ ನೆಲ್ಲಿಕಾಯಿಯ ಪುಡಿಯನ್ನು ಕಬ್ಬಿಣದ ಬಾಂಡ್ಲೆಯಲ್ಲಿ ನೀರು ಹಾಕಿ ನೆನೆಸಿಡುತ್ತೇನೆ. ಮಾರನೆಯ ದಿನ ಕಾಡಿಗೆಯಂಥ ಕಪ್ಪು. ಇಲ್ಲಿ ಕೂತಿರುವ ಅರ್ಧ ಹೆಂಗಸರು ಅದನ್ನೇ ಮಾಡುತ್ತೀರಿ, ತಲೆ ತಗ್ಗಿಸಬೇಡಿ. ಬಾಂಡ್ಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಬೆರಳದ್ದಿದವಳು, ಬೆರಳನ್ನೇ ನೋಡುತ್ತ ಕೂತುಬಿಟ್ಟೆ. ಈ ಕಪ್ಪನ್ನು ನಾನು ಎಲ್ಲೋ... ನೆಲ್ಲಿ. ಕಬ್ಬಿಣ. ನೀರು.

ಅಯ್ಯೋ ನನ್ನ ಕರ್ಮವೇ! ಇಡೀ ಊರಿಗೆ ನಾನು ಕೂದಲಿನ ಬಣ್ಣ ಕುಡಿಸುತ್ತಿದ್ದೆ.

ಅರ್ಧ ತಲೆಗೆ ಬಣ್ಣ ಬಳಿದುಕೊಂಡೇ ಓಡಿದೆ. ಸೆರಗು ಹೊದ್ದು ಏಣಿ ಹತ್ತಿ, ಕೊಂಬೆಗಳನ್ನೆಲ್ಲ ಎಳೆದು ಗೋಣಿಚೀಲಕ್ಕೆ ತುಂಬಿ, ಮನೆಗೆ ತಂದು ಬಚ್ಚಲ ಒಲೆಗೆ ತುರುಕಿದೆ. ಹಸಿ ಕಟ್ಟಿಗೆ, ಹೊಗೆ ಮಾತ್ರ ಬಂತು; ನಮ್ಮನೆಯವರು ಕೆಮ್ಮುತ್ತ ಹೊರಗೆ ಬಂದು, "ಏನೇ ಇದು, ಹೋಮನಾ?" ಎಂದು ಕೇಳಿದರು. ಆದರೆ ಟ್ಯಾಂಕಿನ ನೀರು ತಿಳಿಯಾಗಲಿಲ್ಲ. ಮರಳು ಆಗಲೇ ಹೊಟ್ಟೆ ತುಂಬ ಕುಡಿದುಬಿಟ್ಟಿತ್ತು.

ನೋಡಿ, ಇಲ್ಲಿಯವರೆಗಿನದು ಪೆದ್ದುತನ. ಪೆದ್ದುತನಕ್ಕೆ ಜನ ನಗುತ್ತಾರೆ, ಮರೆಯುತ್ತಾರೆ. ಸೋಮವಾರದ್ದು ಹಾಗಲ್ಲ. ಸೋಮವಾರ ಬೆಳಗ್ಗೆ ನಾನು ಶಾಲೆಯ ಮುಂದೆ ಬಂದು ನಿಂತಾಗ ನನಗೆ ಎಲ್ಲವೂ ಗೊತ್ತಿತ್ತು.

ಫಯಾಜ್ ಸಾಬ್ರು ಕನ್ನಡಕ ತೆಗೆದು ಟ್ಯಾಂಕಿನೊಳಗೆ ಇಳಿದರು. ಅವರು ಕನ್ನಡಕ ತೆಗೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ನೀರು ಮೂಸಿದರು, ಬೆರಳಿಗೆ ಹಚ್ಚಿ ನೋಡಿದರು, ಮರಳನ್ನು ಹಿಡಿಹಿಡಿಯಾಗಿ ಎತ್ತಿದರು. ಕೊನೆಗೆ ಅಂಗೈಯಲ್ಲಿ ಚಿಕ್ಕ ಚಿಕ್ಕ ಎಲೆಗಳನ್ನು ಹಿಡಿದುಕೊಂಡು ಮೇಲೆ ಬಂದರು.

"ಇವು ಹೆಂಗೆ ಬಂದ್ವು ಒಳಗೆ?"

"ಹುಣಸೆ ಎಲೆ ಕಣ್ರೀ, ಮೇಲೆ ಮರ ಐತಲ್ಲ" ಎಂದರು ಯಾರೋ. ನೆಲ್ಲಿಯ ಎಲೆಗೂ ಹುಣಸೆಯ ಎಲೆಗೂ ಅಷ್ಟು ಹೋಲಿಕೆ. ಸಾಬ್ರು ಇನ್ನೂ ಏನೋ ಹೇಳಲು ಹೊರಟಿದ್ದರು. ತಿಮ್ಮಣ್ಣನವರು ಬಿಡಲಿಲ್ಲ:

"ಹುಣಸೆಗೆ ನೀರು ಕಪ್ಪಾಗೋದಾಗಿದ್ರೆ ನಮ್ಮನೆ ಸಾರು ಯಾವತ್ತೋ ಕಪ್ಪಾಗ್ಬೇಕಿತ್ತಲ್ಲೋ ಸಾಬಿ!"

ಮತ್ತೆ ನಗು. ಆ ನಗುವಿನ ನಡುವೆ ಸಾಬ್ರು ನನ್ನ ಕಡೆ ತಿರುಗಿದರು. ಬೇರೆ ಯಾರ ಕಡೆಯೂ ಅಲ್ಲ. ಅನುಮಾನದಿಂದಲ್ಲ — ಅದೇ ನನ್ನನ್ನು ಇವತ್ತಿಗೂ ಕೊರೆಯುವುದು — ನಂಬಿಕೆಯಿಂದ. ನಾನು ಅವರ ಪರವಾಗಿ ಏನಾದರೂ ಹೇಳುತ್ತೇನೆಂದು.

"ಗಿರಿಜಕ್ಕಾ, ನೀವೇ ಹೇಳಿ. ಯಾರಾದ್ರೂ ಇದ್ರೊಳಗೆ ಏನಾದ್ರೂ ಹಾಕಿದಾರಾ?"

"ಬೀಗದ ಕೈ ನನ್ನ ಸೊಂಟದಾಗೇ ಐತೆ ಸಾಬ್ರೇ. ನನ್ನ ಕೈ ದಾಟಿ ಒಂದು ಸೊಳ್ಳೆನೂ ಒಳಗೆ ಹೋಗಿಲ್ಲ."

ಇದು ನಾನು ಆಡಿದ ಮಾತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಎಷ್ಟು ಜಾಣತನ ನೋಡಿ — ನನ್ನ ಕೈ ದಾಟಿ ಹೋಗಿರಲಿಲ್ಲ, ನನ್ನ ಕೈಯಿಂದಲೇ ಹೋಗಿತ್ತು. ಹಾಗಾಗಿ ಅದು ಪೂರ್ತಿ ಸುಳ್ಳಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಗೂ ಒಂದು ನೆಪ ಇದ್ದಿರಬೇಕು. "ಗಿರಿಜಮ್ಮನೇ ಹೇಳಿದ ಮೇಲೆ ಮುಗೀತು" ಎಂದಿರಿ ನೀವು. ಅಲ್ಲಿಗೆ ಮುಗಿಯಿತು.

ಯಾರೋ ಹಿಂದಿನಿಂದ, "ಮೀಸೆ!" ಎಂದು ಕೂಗಿದರು. ಸಾಬ್ರು ತಡಮಾಡಲಿಲ್ಲ. "ಮಾತು ಅಂದ್ರೆ ಮಾತು" ಎಂದು ತಾವೇ ಮುಂದಾಗಿ ಕ್ಷೌರದಂಗಡಿಗೆ ನಡೆದರು, ನಾವೆಲ್ಲ ಹಿಂದೆ. ಅಂಗಡಿಯವನಿಗೇ ಕೈ ಬರಲಿಲ್ಲ, ಕತ್ತರಿ ಹಿಡಿದು, "ತುದಿ ಸ್ವಲ್ಪ ತೆಗೀಲಾ ಸಾಬ್ರೇ?" ಎಂದ. "ಎಲ್ಲಾ ತೆಗಿ" ಎಂದರು. ಮುಗಿಸಿ ತಿರುಗಿದಾಗ ಆ ಮುಖ — ಬಿಸಿಲು ಕಾಣದ ಮೇಲ್ದುಟಿ ಬಿಳಿಚಿಕೊಂಡು, ಆಟಿಕೆ ಕಸಿದುಕೊಂಡ ಮಗುವಿನ ಹಾಗೆ ಕಂಡರು. ಊರು ಬಿದ್ದು ಬಿದ್ದು ನಕ್ಕಿತು.

ನಾನೂ ನಕ್ಕೆ. ಎಲ್ಲರಿಗಿಂತ ಜೋರಾಗಿ. ನಗದಿದ್ದರೆ ನನ್ನ ಮೇಲೆ ಅನುಮಾನ ಬಂದೀತೆಂದು.

ಅವತ್ತಿನಿಂದ ಅವರು 'ಮಸಿ ಸಾಬ್ರು' ಆದರು. ಪಂಚನಹಳ್ಳಿ ಕಡೆಯವರು ಬೇಡವೆಂದು ಹೇಳಿ ಕಳಿಸಿದರು. ನಮ್ಮ ಟ್ಯಾಂಕಿನ ಪೈಪು ಬಿಚ್ಚಿಸಿದಿರಿ, ಮರಳು ಯಾರದೋ ಮನೆಯ ಗಾರೆಗೆ ಹೋಯಿತು, ಹುಣಸೆಮರದ ಕೊಂಬೆಯನ್ನೂ ಕಡಿಸಿದಿರಿ — ಪಾಪ, ಅದೂ ನನ್ನ ಲೆಕ್ಕಕ್ಕೇ. ಕೆಂಪು ನೀರು ಮತ್ತೆ ಬಂತು. ಮಕ್ಕಳ ಅನ್ನ ಮತ್ತೆ ಕೆಂಪಾಯಿತು. ಅಷ್ಟು ಮಕ್ಕಳು ಆ ಶಾಲೆಯಲ್ಲಿ ಉಂಡು ದೊಡ್ಡವರಾದರು, ಬಿಳಿ ಅನ್ನ ಅವರಿಗೆ ಮದುವೆಮನೆಯಲ್ಲಿ ಮಾತ್ರ. ಬಡಿಸಿದವಳು ನಾನೇ. ತರೀಕೆರೆಗೆ ಹೋದರೆ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಯಾಕೆ ಎಂದು ನಮ್ಮನೆಯವರು ಕೇಳಿದರೆ ಸಕ್ಕರೆ ಕಾಯಿಲೆಗೆ ನಡಿಗೆ ಒಳ್ಳೆಯದು ಅನ್ನುತ್ತಿದ್ದೆ. ನನಗೆ ಸಕ್ಕರೆ ಕಾಯಿಲೆಯೂ ಇಲ್ಲ.

ಹೋದ ವರ್ಷ ಅಜ್ಜಂಪುರದಲ್ಲಿ ಹೆಂಗಸರಿಗೆ ನೀರು ಪರೀಕ್ಷೆ ಕಲಿಸುವ ತರಬೇತಿಗೆ ನೀವು ನನ್ನನ್ನೇ ಕಳಿಸಿದಿರಿ. ನೀರಿನ ವಿಷಯ ಗಿರಿಜಮ್ಮನಿಗೇ ಗೊತ್ತು ಎಂದು! ಅಲ್ಲಿ ಪಾಠ ಹೇಳಿದ ಮೇಡಂ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದರು: "ನೀರಲ್ಲಿ ಎಲೆ, ತೊಗಟೆ, ಬೇರು, ಇಂಥಾದ್ದರ ಸತ್ವ ಬಿಟ್ಟುಕೊಂಡಿದ್ರೆ ಕಬ್ಬಿಣ ತೆಗೆಯೋದು ಕಷ್ಟ. ಆ ಸತ್ವ ಕಬ್ಬಿಣಾನ ಹಿಡ್ಕೊಂಡ್ಬಿಡುತ್ತೆ. ಗಾಳಿ ತಾಗಿದ್ರೂ ಅದು ತುಕ್ಕಾಗಿ ತಳಕ್ಕೆ ಕೂರಲ್ಲ, ಮರಳಲ್ಲೂ ನಿಲ್ಲಲ್ಲ." ಅಂದರೆ ನಮ್ಮ ಕಬ್ಬಿಣ ಸಾಬ್ರು ಹೇಳಿದ ಹಾಗೆ ಸಿಕ್ಕಿಬೀಳಬೇಕಾಗಿತ್ತು. ನನ್ನ ನೆಲ್ಲಿ ಅದರ ಕೈ ಹಿಡಿದು, ಎಲ್ಲರ ಕಣ್ಣೆದುರೇ ಮರಳು ದಾಟಿಸಿ ಓಡಿಸಿಕೊಂಡು ಹೋಗಿತ್ತು. ಪ್ರಶ್ನೆ ಇದ್ದರೆ ಕೇಳಿ ಅಂದರು. ನಾನು ಕೈಯೆತ್ತಿದೆ. "ಮೇಡಂ, ಈಗ ಒಂದು ಮಾತಿಗೆ... ಯಾರೋ ಒಬ್ರು... ಫಿಲ್ಟರಿನೊಳಗೆ ನೆಲ್ಲಿಕೊಂಬೆ ಹಾಕಿದ್ರು ಅನ್ಕೊಳ್ಳಿ."

"ಯಾರಮ್ಮ ಹಾಕ್ತಾರೆ ಹಂಗೆ?"

ಎಲ್ಲರೂ ನಕ್ಕರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ತಲೆ ಮುಟ್ಟಿಕೊಂಡೆ. ಆಮೇಲೆ ಆ ಮೇಡಂ ಸಮಾಧಾನವಾಗಿಯೇ ಹೇಳಿದರು, ಕಬ್ಬಿಣವಿಲ್ಲದ ಬಾವಿಯಲ್ಲಿ ನೆಲ್ಲಿ ಹಾಕಿದರೆ ನೀರು ಹೀಗೆ ಕಪ್ಪಾಗುವುದಿಲ್ಲ ಎಂದು. ನಮ್ಮಪ್ಪನ ಬಾವಿಯಲ್ಲಿ ಕಬ್ಬಿಣ ಇರಲಿಲ್ಲ. ನೆಲ್ಲಿಯದೂ ತಪ್ಪಿಲ್ಲ, ಕಬ್ಬಿಣದ್ದೂ ತಪ್ಪಿಲ್ಲ, ಜೋಡಿ ಮಾಡಿದವಳದ್ದು.

ಆದರೂ ಸುಮ್ಮನಿದ್ದೆ. ಬಾಯಿ ಬಿಟ್ಟಿದ್ದು ಕಳೆದ ಗ್ರಾಮಸಭೆ ಆದ ಮೇಲೆ. ಹೊಸ ಫಿಲ್ಟರ್ ಕಟ್ಟಿಸುವ ಮಾತು ಬಂದಾಗ ನಿಮ್ಮಲ್ಲೊಬ್ಬರು, "ಯಾರಿಗಾದ್ರೂ ಕೊಡಿ, ಮಸಿ ಸಾಬ್ರಿಗೆ ಮಾತ್ರ ಬೇಡ" ಎಂದರು. ಎಲ್ಲರೂ ನಕ್ಕಿರಿ. ನಗಲು ಬಾಯಿ ತೆರೆದವಳಿಗೆ ನಗು ಬರಲಿಲ್ಲ. ಇಷ್ಟು ವರ್ಷವಾದರೂ ಆ ಹೆಸರು ಸವೆದಿಲ್ಲ. ಸಾಬ್ರು ಸತ್ತರೂ ಅದು ಸಾಯುವುದಿಲ್ಲ ಅನ್ನಿಸಿತು.

ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ. ಅವರು ಉಣ್ಣುತ್ತಿದ್ದವರು ತಲೆ ಎತ್ತಿ, "ನೀನು ತಪ್ಪು ಮಾಡ್ದೆ ಅಂದ್ರೆ ಯಾರು ನಂಬ್ತಾರೆ? ಮದ್ವೆ ಆದಾಗಿಂದ ನಾನೇ ಒಂದೂ ನೋಡಿಲ್ಲ" ಎಂದು ಮತ್ತೆ ಮುದ್ದೆ ಮುರಿದರು. ಹೊಗಳಿದರೋ ತೆಗಳಿದರೋ, ನನಗೆ ಇನ್ನೂ ತಿಳಿದಿಲ್ಲ.

ಮರುದಿನ ತರೀಕೆರೆ ಬಸ್ಸು ಹತ್ತಿದೆ. ಸುತ್ತು ಹಾಕದೆ ನೇರವಾಗಿ ಹೋದೆ. ಫಯಾಜ್ ಸಾಬ್ರು ಒಂದು ಮೋಟರಿಗೆ ತಂತಿ ಸುತ್ತುತ್ತಿದ್ದರು. ಈಗ ಗಡ್ಡವಿದೆ, ಮೀಸೆಯಿಲ್ಲ. "ಬನ್ನಿ ಗಿರಿಜಕ್ಕಾ" ಎಂದು ಸ್ಟೂಲು ಒರೆಸಿ ಕೊಟ್ಟರು. ಮೀಸೆ ಮತ್ತೆ ಬಿಡಲಿಲ್ಲವೇ ಎಂದು ಕೇಳಿದೆ, ಬೇರೇನೂ ತೋಚದೆ. "ಅಮ್ಮಿ ಬಿಡ್ಲಿಲ್ಲ. ಮೀಸೆ ತೆಗೆದು ಗಡ್ಡ ಬಿಡೋ ಅಂತ ಮೊದ್ಲಿಂದ ಬೈತಿದ್ರು. ನಿಮ್ಮೂರಿನವರಿಗೆ ಅಮ್ಮಿ ದುವಾ ಮಾಡಿದಾರೆ" ಎಂದು ನಕ್ಕರು. ಆ ನಗುವನ್ನು ಹಾಗೇ ಉಳಿಸಿ ಎದ್ದು ಬಂದುಬಿಡೋಣ ಅನ್ನಿಸಿತು, ಸುಳ್ಳೇಕೆ. ಆದರೆ ಹೇಳಿದೆ. ಹೊರೆಯಿಂದ ಹಿಡಿದು ಸೊಳ್ಳೆಯವರೆಗೆ ಎಲ್ಲವನ್ನೂ.

ಅವರು ತಂತಿ ಸುತ್ತುವುದನ್ನು ನಿಲ್ಲಿಸಿದರು. ನನ್ನ ಕಡೆ ತಿರುಗಿ ಕೇಳಿದರು, "ಎಷ್ಟು ದೊಡ್ಡ ಹೊರೆ?"

ಎರಡೂ ಕೈ ಅಗಲಿಸಿ ತೋರಿಸಿದೆ. ಅವರಿಗೆ ನಗು ಒದ್ದುಕೊಂಡು ಬಂತು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನೂ ನಕ್ಕೆ, ಬದುಕಿದೆ ಅಂದುಕೊಂಡೆ. ಆಗ ಅವರು ಥಟ್ಟನೆ ನಿಲ್ಲಿಸಿದರು.

"ನಗು ಬಂತು, ನಕ್ಕೆ. ಮಾಫಿ ಅಂತ ತಿಳ್ಕೋಬೇಡಿ."

ನಾನು ಸ್ಟೂಲಿನಿಂದ ಎದ್ದು ನಿಂತೆ.

"ಮೀಸೆ ಹೋಗ್ಲಿ ಗಿರಿಜಕ್ಕ, ಮೀಸೆ ಬೆಳೀತದೆ. ಇಷ್ಟು ವರ್ಷ ನಾನು ಎಲ್ಲಿ ತಪ್ಪಿದೆ, ಎಲ್ಲಿ ತಪ್ಪಿದೆ ಅಂತ... ಮರಳು ಸರಿಯಾಗಿ ತೊಳೀಲಿಲ್ವೇನೋ, ತಟ್ಟೆ ತೂತು ದೊಡ್ಡದಾಯ್ತೇನೋ ಅಂತ. ಆಮೇಲೆ ಇಬ್ರು ಮೂವರು ಕರೆದ್ರು, ಫಿಲ್ಟ್ರು ಕಟ್ಕೊಡಿ ಅಂತ. ನಾನೇ ಒಲ್ಲೆ ಅಂದೆ. ನಂಗೆ ನನ್ನ ಕೈ ಮೇಲೇ ನಂಬಿಕೆ ಹೋಗಿತ್ತು."

ಊರಿನವರೇ, ನಾನು ಕಸಿದುಕೊಂಡದ್ದು ಮೀಸೆ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಅಷ್ಟು ಬಡಾಯಿಯ ಮನುಷ್ಯ, ಒಳಗೊಳಗೇ ತನ್ನ ಕೈಯನ್ನೇ ತಾನು ನಂಬದೆ ಕೂತಿದ್ದರು. ತಪ್ಪಾಯಿತು ಎಂದೆ. ಆ ಮಾತು ನನ್ನ ಬಾಯಿಂದ ಎಷ್ಟು ಸಣ್ಣಗೆ ಬಂತೆಂದರೆ ಅವರಿಗೆ ಕೇಳಿಸಿತೋ ಇಲ್ಲವೋ.

"ನಂಗೆ ಹೇಳಿದ್ರಿ, ಆಯ್ತು" ಎಂದರು ಸಾಬ್ರು. "ಆವತ್ತು ನೀವು ಸುಳ್ಳು ಹೇಳಿದ್ದು ನಂಗೊಬ್ಬನಿಗೇ ಅಲ್ಲ. ಊರಿಗೆ. ಅಲ್ಲೇ ಹೋಗಿ ಹೇಳಿ." ಮತ್ತೆ ತಂತಿ ಸುತ್ತಲು ಶುರುಮಾಡಿದರು. ಚಹಾ ತರಿಸಿದರು, ಅದನ್ನು ಕುಡಿಯಲು ನನಗೆ ಆಗಲಿಲ್ಲ.

ಅದಕ್ಕೇ ಈಗ ಇಲ್ಲಿ ನಿಂತಿದ್ದೇನೆ. ನಂಬಲಾರದವರು ನಾಳೆ ಬೆಳಗ್ಗೆ ಶಾಲೆಯ ಹತ್ತಿರ ಬನ್ನಿ. ಬೋರಿನ ನೀರು ಒಂದು ಬಕೆಟ್ ಹಿಡಿದು, ಅದರಲ್ಲಿ ನೆಲ್ಲಿಯ ತೊಗಟೆ ನೆನೆಸಿಟ್ಟು ತೋರಿಸುತ್ತೇನೆ. ಟ್ಯಾಂಕಿನ ಬೀಗದ ಕೈ ಇಲ್ಲಿ ಮೇಜಿನ ಮೇಲಿಟ್ಟಿದ್ದೇನೆ, ಯಾರಾದರೂ ತೆಗೆದುಕೊಳ್ಳಿ, ನನಗೆ ಬೇಡ. ಹೊಸ ಫಿಲ್ಟರನ್ನು ಫಯಾಜ್ ಸಾಬ್ರ ಕೈಯಲ್ಲಿ ಕಟ್ಟಿಸಿ ಎಂದು ಕೇಳುವ ಯೋಗ್ಯತೆ ನನಗಿಲ್ಲ. ಕೇಳಬೇಕಾದವರು ನೀವು, ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ನನ್ನನ್ನು ಕ್ಷಮಿಸಿ ಎಂದೂ ಕೇಳುವುದಿಲ್ಲ. ಅವರೇ ಕ್ಷಮಿಸಿಲ್ಲ, ನಿಮ್ಮದನ್ನು ತೆಗೆದುಕೊಂಡು ಏನು ಮಾಡಲಿ.

ಒಂದೇ ಮಾತು. ಆ ಮನುಷ್ಯನ ಹೆಸರು ಫಯಾಜ್. ಇನ್ನು ಮೇಲೆ ಹಾಗೇ ಕರೆಯಿರಿ. ನಮ್ಮೂರಿನ ಬಾಯಿ ನನಗೆ ಗೊತ್ತು, ಕಟ್ಟಿದ ಅಡ್ಡಹೆಸರನ್ನು ಅದು ಸುಮ್ಮನೆ ಬಿಸಾಡುವುದಿಲ್ಲ. ಬಿಸಾಡಬೇಡಿ. ನನಗೆ ಕೊಡಿ. ನಾಳೆಯಿಂದ ರಸ್ತೆಯಲ್ಲಿ, ನಲ್ಲಿಯ ಹತ್ತಿರ, ಮಕ್ಕಳ ಎದುರಿನಲ್ಲಿ, ಎಲ್ಲಿ ಬೇಕಾದರೂ 'ಮಸಿ ಗಿರಿಜಮ್ಮಾ' ಎಂದು ಕೂಗಿ. ನಾನು ಬೈಯುವುದಿಲ್ಲ. ಓ ಅನ್ನುತ್ತೇನೆ.